ಸಿಸ್ಟರ್ ಅವರ ತಮ್ಮನ ಕಾಮಿಕ್ಸು

ಮೆಂತ್ಯವನ್ನು ಡಬ್ಬಕ್ಕೆ ಸುರಿದು ಪೊಟ್ಟಣದ ಕಾಗದವನ್ನು ಒಲೆಗೆ ಹಾಕುವುದು ನಮ್ಮ ಮನೆಯ ರೂಢಿ. ಆ ದಿನ ಕಾಗದ ಬೆಂಕಿಯ ಹತ್ತಿರ ಹೋಗಿ ವಾಪಸು ಬಂತು. ಅದರ ಸುಕ್ಕುಗಳ ನಡುವೆ ಒಬ್ಬ ಮನುಷ್ಯ ಗಾಜಿನ ಬುರುಡೆಯಂಥ ಟೋಪಿ ಹಾಕಿಕೊಂಡು ಯಾವುದೋ ಬೋಳು ನೆಲದ ಮೇಲೆ ನಿಂತಿದ್ದ. ಅವನ ಬಾಯಿಂದ ಹೊರಟ ಗುಳ್ಳೆಯಲ್ಲಿ ಇಂಗ್ಲಿಷ್ ಅಕ್ಷರಗಳಿದ್ದವು. ಅಗೋ ಆ ಹಸಿರು ಬೆಳಕು ಎಂದು ಕೂಗುತ್ತಿದ್ದ. ಪುಟದಲ್ಲಿ ಹಸಿರು ಎಲ್ಲಿಯೂ ಇರಲಿಲ್ಲ, ಎಲ್ಲ ಕಪ್ಪು ಬಿಳುಪು. ಮೇಲಿನ ಮೂಲೆಯಲ್ಲಿ ಮಾತ್ರ, ಮಾಸಿದ ನೇರಳೆ ಶಾಯಿಯಲ್ಲಿ, ಸಣ್ಣದಾಗಿ ಹನ್ನೊಂದು ಎಂಬ ಅಂಕಿ.

ನಾನು ಮದುವೆಯಾಗಿ ತಿಪಟೂರಿಗೆ ಬಂದು ಒಂದು ವರ್ಷವಾಗಿತ್ತು. ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ಆ ಅಂಕಿ ಬರೆದ ಕೈ ಯಾರದೆಂದು ನನಗೆ ಗೊತ್ತಿತ್ತು. ಆ ಕಾಗದ ಪೊಟ್ಟಣವಾದದ್ದು ಯಾರ ತಪ್ಪಿನಿಂದ ಎಂಬುದೂ ಗೊತ್ತಿತ್ತು.

ನಾನು ಐದನೆಯ ತರಗತಿಯಿಂದ ಹತ್ತರವರೆಗೆ ಓದಿದ್ದು ದೂರದ ಒಂದು ಕಾನ್ವೆಂಟಿನಲ್ಲಿ, ಅಲ್ಲಿಯ ಬೋರ್ಡಿಂಗಿನಲ್ಲಿದ್ದುಕೊಂಡು. ದಂಡಿನಶಿವರದಿಂದ ನನ್ನನ್ನು ಬಿಡಲು ಬರುತ್ತಿದ್ದ ಅಪ್ಪ ಅದರ ಗೇಟಿನ ಹತ್ತಿರವೇ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒಳಗೆ ನಡೆಯುತ್ತಿದ್ದರು. ಬೋರ್ಡಿಂಗನ್ನು ನೋಡಿಕೊಳ್ಳುತ್ತಿದ್ದವರು ಚಿಕ್ಕ ವಯಸ್ಸಿನಲ್ಲೇ ಇಂಗ್ಲೆಂಡಿನಿಂದ ಬಂದಿದ್ದ ಒಬ್ಬ ಸಿಸ್ಟರ್. ಎತ್ತರದ ಆಳು, ಸದಾ ಸೋಪಿನ ನೀರಿನಲ್ಲಿದ್ದು ಕೆಂಪಾದ ಕೈಗಳು. ಕನ್ನಡವನ್ನು ಪುಸ್ತಕದಿಂದ ಕಲಿತವರು. "ಮಗು, ನೀನು ನಿನ್ನ ತಟ್ಟೆಯನ್ನು ತೊಳೆದಿರುವೆಯಾ?" ಎಂದು ಅವರು ಕೇಳಿದರೆ ಹೊಸದಾಗಿ ಬಂದ ನಮಗೆ ನಗು ತಡೆಯುತ್ತಿರಲಿಲ್ಲ. ಸ್ವಲ್ಪ ದಿನಕ್ಕೆ ನಾವೂ ನಮ್ಮ ನಮ್ಮಲ್ಲೇ ಹಾಗೆ ಮಾತಾಡತೊಡಗಿದೆವು. ರಜಕ್ಕೆ ಊರಿಗೆ ಹೋದಾಗ ಅಮ್ಮ, "ಇದೇನೇ, ಹರಿಕಥೆ ದಾಸರ ಥರ ಮಾತಾಡ್ತೀಯಾ?" ಅಂದಿದ್ದಳು.

ಸಿಸ್ಟರ್ ಅವರ ಕೋಣೆಯ ಹೊರಗಿನ ಗೋಡೆ ಬೀರುವಿನಲ್ಲಿ ಇಪ್ಪತ್ತಾರು ಕಾಮಿಕ್ಸುಗಳಿದ್ದವು. ಹೊರರಟ್ಟು ಮಾತ್ರ ಬಣ್ಣದ್ದು, ಒಳಗೆಲ್ಲ ಕಪ್ಪು ಬಿಳುಪು. ಬೆಲೆ ಶಿಲ್ಲಿಂಗಿನಲ್ಲಿ. ಯಾವುದರಲ್ಲೂ ಇಸವಿ ಇರಲಿಲ್ಲ. ಕುದುರೆ ಸವಾರರು, ಚಂದ್ರನ ಮೇಲೆ ಇಳಿಯುವವರು, ಸಮುದ್ರದ ತಳದಲ್ಲಿ ನಡೆಯುವವರು, ಹಾಳು ಬಂಗಲೆಯ ದೆವ್ವಗಳು. ಈ ಕಥೆಗಳು ಮೊದಲು ಅಮೆರಿಕದಲ್ಲಿ ಬಣ್ಣದಲ್ಲಿ ಅಚ್ಚಾದವು, ತಮ್ಮ ದೇಶದ ಮಕ್ಕಳಿಗಾಗಿ ಅವನ್ನೇ ಕಪ್ಪು ಮಸಿಯಲ್ಲಿ ಮತ್ತೆ ಅಚ್ಚು ಹಾಕುತ್ತಿದ್ದರು ಎಂದು ಸಿಸ್ಟರ್ ಹೇಳಿದ್ದರು. ಅದಕ್ಕೇ ಕಥೆಯೊಳಗಿನ ಜನ ಕೆಂಪು ಉಂಗುರ, ನೀಲಿ ಜ್ವಾಲೆ ಎಂದು ಬೊಬ್ಬೆ ಹೊಡೆಯುತ್ತಿದ್ದರೂ ಕಾಣುವುದು ಬರೀ ಬೂದು. ಹಸಿರೆಂದರೆ ಯಾವ ಹಸಿರು, ಗಿಣಿ ಹಸಿರೋ ಬಾಳೆಲೆ ಹಸಿರೋ ಎಂದು ನಾವು ಜಗಳವಾಡುತ್ತಿದ್ದೆವು.

ಅವು ಸಿಸ್ಟರ್ ಅವರ ತಮ್ಮನವು. ಅವನು ಹದಿನೈದು ವರ್ಷಕ್ಕೆ ಜ್ವರದಲ್ಲಿ ತೀರಿಕೊಂಡಿದ್ದ. ಆಗ ಇವರು ಇಲ್ಲಿದ್ದರು, ಮಣ್ಣಿಗೆ ಹೋಗಲಾಗಲಿಲ್ಲ. ಅವರ ತಾಯಿ ಹಡಗಿನಲ್ಲಿ ಆ ಪುಸ್ತಕಗಳ ಪೆಟ್ಟಿಗೆಯನ್ನು ಕಳಿಸಿದ್ದರು. ಪ್ರತಿ ರಟ್ಟಿನ ಒಳಮೈಯಲ್ಲಿ ಪೆನ್ಸಿಲಿನಲ್ಲಿ ಒತ್ತಿ ಬರೆದ ಆ ಹುಡುಗನ ಹೆಸರು ಇತ್ತು. ಪುಟಗಳ ಮೇಲಿನ ನೇರಳೆ ಅಂಕಿ ಸಿಸ್ಟರ್ ಹಾಕಿದ್ದು. ಹಾಳೆ ಕಳಚಿದರೆ ಯಾವ ಪುಸ್ತಕದ್ದೆಂದು ಗೊತ್ತಾಗಲಿ ಎಂದು ಒಂದೊಂದು ಪುಟಕ್ಕೂ ಹಾಕಿದ್ದರು.

ಶನಿವಾರ ಮಧ್ಯಾಹ್ನ ಮಾತ್ರ ಬೀರು ತೆರೆಯುತ್ತಿತ್ತು. ಕೈ ತೊಳೆದು ಒರೆಸಿ ತೋರಿಸಬೇಕು, ಪುಸ್ತಕವನ್ನು ಹಿಂದಕ್ಕೆ ಮಡಚಬಾರದು. ಕೊನೆಯ ಎರಡು ವರ್ಷ ಬೀರು ತೆರೆದು ಮುಚ್ಚುವ ಕೆಲಸ ನನ್ನದಾಗಿತ್ತು. ಸಿಸ್ಟರ್ ಕೋಣೆಯ ಬಾಗಿಲ ಹಿಂದಿನ ಮೊಳೆಯಿಂದ ಕೀ ತೆಗೆದುಕೊಳ್ಳುವುದು, ಸಂಜೆ ಮತ್ತೆ ಅಲ್ಲೇ ತೂಗುಹಾಕುವುದು.

ಹತ್ತನೆಯ ಪರೀಕ್ಷೆ ಮುಗಿದ ಶನಿವಾರ ಅಪ್ಪ ಹೇಳಿದ್ದಕ್ಕಿಂತ ಮೊದಲೇ ಬಂದರು. ಬಸ್ಸಿಗೆ ಹೊತ್ತಾಯಿತೆಂದು ಗಡಿಬಿಡಿ. ಊರಿಗೆ ಬಂದು ಯೂನಿಫಾರ್ಮ್ ಒಗೆಯಲು ಹಾಕುವಾಗ ಜೇಬಿನಲ್ಲಿ ಕೀ ಸಿಕ್ಕಿತು. ಅಂಚೆಯಲ್ಲಿ ಕಳಿಸಬಹುದಿತ್ತು. ಬರೆಯಲು ಕೂತರೆ ನಾಚಿಕೆಯಾಯಿತು. ಮಾರ್ಕ್ಸ್ ಕಾರ್ಡ್ ತರಲು ಹೋಗುತ್ತೇನಲ್ಲ, ಆಗ ಯಾರಿಗೂ ಕಾಣದ ಹಾಗೆ ಮೊಳೆಗೆ ಸಿಕ್ಕಿಸಿಬಿಡೋಣ ಅಂದುಕೊಂಡೆ.

ಹೋದಾಗ ಬೋರ್ಡಿಂಗು ಮುಚ್ಚಿತ್ತು. ಸಿಸ್ಟರ್ ಅವರನ್ನು ಬೇರೆ ಊರಿಗೆ ಕಳಿಸಿದ್ದರು. ಬೀರುವಿನ ಬಾಗಿಲು ಹಾರುಹೊಡೆದುಕೊಂಡಿತ್ತು, ಒಳಗೆ ಒಂದು ಪೊರಕೆ.

"ಇಲ್ಲಿದ್ದ ಪುಸ್ತಕ?" ಎಂದು ಕಸ ಗುಡಿಸುತ್ತಿದ್ದ ಹೆಂಗಸನ್ನು ಕೇಳಿದೆ.

"ಕೀ ಎಲ್ಲೋ ಕಳೆದೋಗಿತ್ತಂತೆ ಕಣಮ್ಮ. ಬೀಗ ಒಡ್ದು ಎಲ್ಲಾ ರದ್ದಿಗೆ ಹಾಕುದ್ರು," ಅಂದಳು.

ಕೀ ನನ್ನ ಬ್ಯಾಗಿನಲ್ಲೇ ಇತ್ತು. ಯಾರಿಗೂ ಹೇಳದೆ ಬಸ್ಸು ಹತ್ತಿದೆ.

ಮೆಂತ್ಯದ ಕಾಗದ ಸಿಕ್ಕ ಮರುದಿನ ದಿನಸಿ ಅಂಗಡಿಗೆ ಹೋಗಿ ಕೇಳಿದೆ. ಅವರು ಸಂತೆ ಬೀದಿಯ ಹಿಂದಿನ ರದ್ದಿ ಸಾಬರ ಅಂಗಡಿ ತೋರಿಸಿದರು. ಸಾಬರು ತಕ್ಕಡಿಯ ಪಕ್ಕ ಟೀ ಕುಡಿಯುತ್ತಾ ಕೂತಿದ್ದರು. ಬಾಡಿಗೆಗೆ ಕಾಮಿಕ್ಸ್ ಕೊಡುತ್ತಿದ್ದ ಯಾರೋ, ಮನೆಮನೆಗೆ ಟೀವಿ ಬಂದ ಮೇಲೆ ಅಂಗಡಿ ಮುಚ್ಚಿ ಎರಡು ಮೂಟೆ ಇವರಿಗೆ ಹಾಕಿದ್ದನಂತೆ.

"ಒಳ್ಳೆ ಗಟ್ಟಿ ಪೇಪರ್ ಅಕ್ಕ, ಫಾರಿನ್ನು. ಬೆಲ್ಲ ಕಟ್ಟಿದ್ರೂ ಹರಿಯಲ್ಲ," ಎಂದು ಹೊಗಳಿದರು. ಮೂಟೆ ಸುರಿಸಿ ನೆಲದ ಮೇಲೆ ಕೂತು ಹುಡುಕಿದೆ. ಒಂಬತ್ತು ಸಿಕ್ಕವು. ಉಳಿದ ಕಟ್ಟುಗಳು ಆಗಲೇ ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಅಂಗಡಿಗಳಿಗೆ ಹೋಗಿದ್ದವು.

"ಅಲ್ಲಕ್ಕ, ಊರೋರೆಲ್ಲ ನನ್ಹತ್ರ ರದ್ದಿ ಮಾರೋಕೆ ಬರ್ತಾರೆ. ಕೊಂಡ್ಕೊಳ್ಳೋಕೆ ಬಂದಿದ್ದು ನೀವೊಬ್ರೇ ನೋಡಿ," ಎಂದು ಸಾಬರು ನಕ್ಕರು.

ಹಾಗೆ ಶುರುವಾದದ್ದು ಏಳೆಂಟು ವರ್ಷ ನಡೆಯಿತು. ಮದುವೆಗೆಂದು ಮಾಯಸಂದ್ರಕ್ಕೆ ಹೋದರೂ ನನ್ನ ಕಣ್ಣು ಅಂಗಡಿಗಳ ಒಳಗೆ ಕೊಕ್ಕೆಗೆ ಸಿಕ್ಕಿಸಿದ ಕಾಗದದ ಕಟ್ಟಿನ ಮೇಲೆ. ಚಿಕ್ಕನಾಯಕನಹಳ್ಳಿಯಲ್ಲಿ ಬೋಂಡದಂಗಡಿಯವಳು ಮೂರು ಪುಸ್ತಕವನ್ನು ಒಂದು ಹಾಳೆಯೂ ಹರಿಯದೆ ಇಟ್ಟುಕೊಂಡಿದ್ದಳು. "ಗೊಂಬೆ ಚೆನ್ನಾಗವೆ ಅಂತ ಎಣ್ಣೆ ಒರ್ಸೋಕೆ ಮನಸ್ಸು ಬರ್ನಿಲ್ಲ ಕಣವ್ವ," ಅಂದಳು. ನಮ್ಮ ಯಜಮಾನರಿಗೆ ಕೊಬ್ಬರಿ ವ್ಯಾಪಾರ. ಮಂಡಿಯ ಸ್ನೇಹಿತರ ಮುಂದೆ, "ಬೇರೆಯೋರ ಹೆಂಡ್ರು ಸೀರೆ ಅಂಗಡಿ ಹತ್ತುತಾರೆ ಕಣ್ರಪ್ಪ, ನಮ್ಮೋಳು ಗುಜರಿ ಅಂಗಡಿ," ಎನ್ನುತ್ತಿದ್ದರು. ಆದರೂ ಬೆಂಗಳೂರಿಗೆ ಹೋದಾಗ ಫುಟ್‌ಪಾತಿನ ಹಳೇ ಪುಸ್ತಕದವರ ಹತ್ತಿರ ನಾನು ಕೂತರೆ ಅವಸರ ಮಾಡುತ್ತಿರಲಿಲ್ಲ. ಅಲ್ಲಿ ನನಗೆ ಬೇಕಾದ ಸಂಚಿಕೆಗಳೇ ಬೇರೆ ಪ್ರತಿಗಳಲ್ಲಿ ಸಿಕ್ಕವು. ಅದೇ ರಟ್ಟು, ಅದೇ ಕಥೆ, ಅದೇ ಶಿಲ್ಲಿಂಗು. ಆದರೆ ರಟ್ಟಿನ ಒಳಗೆ ಪೆನ್ಸಿಲಿನ ಹೆಸರಿಲ್ಲ. ಇಲ್ಲದ ಜಾಗ ತುಂಬಲೆಂದು ಏಳು ಕೊಂಡೆ. ಕೊಂಡ ಮೇಲೂ ಜಾಗ ತುಂಬಿತೆನ್ನಿಸಲಿಲ್ಲ. ಅಸಲಿ ಹತ್ತೊಂಬತ್ತು ಸೇರಿದ್ದವು, ಹನ್ನೊಂದನೆಯದು ಬರೀ ಆ ಒಂದು ಹಾಳೆಯಾಗಿ.

ನಿಜ ಹೇಳಬೇಕೆಂದರೆ ಅಷ್ಟು ವರ್ಷದಲ್ಲಿ ಒಂದನ್ನೂ ಕೂತು ಓದಲಿಲ್ಲ. ಹಾಳೆ ಎಣಿಸುತ್ತಿದ್ದೆ, ಅಂಕಿ ನೋಡುತ್ತಿದ್ದೆ, ಮೆತ್ತಗೆ ಒರೆಸಿ ಇಡುತ್ತಿದ್ದೆ. ಎಲ್ಲ ಸೇರಿದ ಮೇಲೆ ಸಿಸ್ಟರ್ ಎಲ್ಲಿದ್ದರೂ ಹುಡುಕಿಕೊಂಡು ಹೋಗಿ, ಪುಸ್ತಕ ಮುಂದಿಟ್ಟು, ಕೀ ನಾನೇ ಒಯ್ದಿದ್ದೆ ಎಂದು ಹೇಳಿ ಕ್ಷಮೆ ಕೇಳಬೇಕು. ಅದೊಂದೇ ಇತ್ತು ಮನಸ್ಸಿನಲ್ಲಿ.

ಪುಸ್ತಕಗಳನ್ನು ಒಂದು ಟ್ರಂಕಿನಲ್ಲಿ ಹಾಕಿ ಅಟ್ಟದ ಮೇಲೆ ಇಟ್ಟಿದ್ದೆ. ನಮ್ಮ ಕಡೆ ಕೊಬ್ಬರಿಗೆ ಬಿಟ್ಟ ಕಾಯಿ ವರ್ಷಗಟ್ಟಲೆ ಅಟ್ಟದಲ್ಲೇ ಒಣಗುತ್ತದೆ. ಮನೆಯಲ್ಲಿ ಅದಕ್ಕಿಂತ ಬೆಚ್ಚಗಿನ ಜಾಗವಿಲ್ಲ. ಅತ್ತೆ ಆಗಾಗ ಏಣಿ ಹತ್ತಿ, ಒಂದೊಂದು ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ನೀರು ಆರಿ ಕೊಬ್ಬರಿ ಬಿಟ್ಟುಕೊಂಡಿದೆಯೇ ಎಂದು ಸದ್ದಿನಲ್ಲೇ ಹೇಳುತ್ತಿದ್ದರು. ಆ ಟ್ರಂಕಿನಲ್ಲಿ ಏನಿದೆ ಎಂದು ಅವರು ಕೇಳಿರಲಿಲ್ಲ, ನಾನು ಹೇಳಿರಲಿಲ್ಲ.

ಒಂದು ಆಯುಧ ಪೂಜೆಯ ದಿನ ನಾನು ತವರಿಗೆ ಹೋಗಿ ಸಂಜೆ ಬಂದೆ. ನಡುಮನೆಯಲ್ಲಿ ಕಾಯಿ ಸುಲಿಯುವ ಕಬ್ಬಿಣ, ಮಚ್ಚು, ತಕ್ಕಡಿ, ಹೊಲಿಗೆ ಮೆಷಿನ್ನು ಎಲ್ಲ ಸಾಲಾಗಿ ಹೂ ಮುಡಿದು ಕೂತಿದ್ದವು. ಅವುಗಳ ಪಕ್ಕದಲ್ಲಿ ನನ್ನ ಕಾಮಿಕ್ಸುಗಳೂ ಇದ್ದವು. ಪ್ರತಿಯೊಂದು ರಟ್ಟಿನ ಮೇಲೂ ನೀರಲ್ಲಿ ಕಲಸಿದ ವಿಭೂತಿಯ ಮೂರು ಗೀಟು, ನಡುವೆ ಕುಂಕುಮ. ಮೊದಲ ಪುಸ್ತಕದ ಕುದುರೆ ಸವಾರನ ಹಣೆಗೆ, ಅಗಲ ಟೋಪಿಯ ಕೆಳಗೆ, ಸರಿಯಾಗಿ ಅಳತೆ ನೋಡಿ ಎಳೆದಿದ್ದರು. ಚಂದ್ರನ ಮೇಲಿನವನಿಗೆ ಗಾಜಿನ ಬುರುಡೆಯ ಮೇಲೆ. ಹಳೆಯ ರಟ್ಟು ಒದ್ದೆಯಾಗಿ ಉಬ್ಬಿತ್ತು.

ನಾನು ಸೆರಗಿನಿಂದ ಒರೆಸಲು ಹೋದೆ. ಬಣ್ಣವೂ ಜೊತೆಗೆ ಬಂತು. ಕೈ ಬಿಟ್ಟು ಅಲ್ಲೇ ಕೂತು ಅಳತೊಡಗಿದೆ.

ಅತ್ತೆಯವರು ಅಡುಗೆಮನೆಯಿಂದ ಓಡಿ ಬಂದರು. "ಯಾಕಮ್ಮಣ್ಣಿ, ಏನಾಯ್ತು? ತವರಲ್ಲಿ ಎಲ್ಲಾ ನೆಟ್ಟಗವ್ರಾ?"

"ಇದನ್ನ ಯಾಕೆ ಮುಟ್ಟೋಕೆ ಹೋದ್ರಿ ಅತ್ತೆ?"

"ಮುಟ್ದೆ ಮತ್ತೆ? ನನ್ ಮಗಂಗೆ ತಕ್ಕಡಿ, ನಂಗೆ ಮಚ್ಚು. ನೀನು ಏಳೆಂಟು ವರ್ಷದಿಂದ ಊರೂರು ಸುತ್ತಿ ತಂದು ಮಡಗಿರೋದು ಇದೇ ತಾನೆ? ಇದೇ ನಿನ್ ಆಯುಧ. ಎಲ್ಲಾರ್ದೂ ಪೂಜೆ ಮಾಡಿ ಸೊಸೇದು ಬುಟ್ರೆ ನಾಳೆ ಯಾರಾದ್ರೂ ಏನಂದಾರು?"

ಅವರ ಮುಖದಲ್ಲಿ ತಪ್ಪು ಮಾಡಿದ ಕಳೆ ಇರಲಿಲ್ಲ, ನೋವಾಗಿತ್ತು. ಆವಾಗ ನಾನು ಮೊದಲ ಸಲ ಬಾಯಿಬಿಟ್ಟು ಎಲ್ಲ ಹೇಳಿದೆ. ಸಿಸ್ಟರ್, ಅವರ ತಮ್ಮ, ಬೀರು, ಕೀ. ಅತ್ತೆ ನನ್ನ ಪಕ್ಕದಲ್ಲೇ ಕೂತು ಕೇಳಿಸಿಕೊಂಡರು.

"ಹದಿನೈದು ವರ್ಷದ ಹುಡ್ಗ ಅಂತೀಯಾ?"

"ಹೂಂ."

"ಹಂಗಾರೆ ವಿಭೂತಿ ಹಚ್ಚಿದ್ದು ಸರೀಗೇ ಆಯ್ತು ಬುಡು. ತೀರ್ಕೊಂಡ ಮಗೀನ ಸಾಮಾನ ಇಷ್ಟು ದಿನ ಹಂಗೇ ಮಡಗಿದ್ದೇ ತಪ್ಪು." ಒಂದು ಪುಸ್ತಕವನ್ನು ಎತ್ತಿ ಕಣ್ಣಿಗೊತ್ತಿಕೊಂಡರು. "ಇನ್ನೂ ಎಷ್ಟು ಸೇರ್ಬೇಕು ಅಂತ ಕಾಯ್ತೀಯೇ? ಆಯಮ್ಮ ಬದುಕಿರೋ ಗಂಟ ಹೋಗಿ, ಕೊಟ್ಟು, ಹೇಳ್ಬುಟ್ಟು ಬಾ."

ಸಿಸ್ಟರ್ ಅವರ ವಿಳಾಸ ಹಳೆಯ ಸಹಪಾಠಿಯೊಬ್ಬಳಿಂದ ಸಿಕ್ಕಿತು. ಮೈಸೂರಿನಲ್ಲಿ ವಯಸ್ಸಾದ ಸಿಸ್ಟರುಗಳು ಇರುವ ಮನೆ. ದೀಪಾವಳಿ ಕಳೆದ ಮೇಲೆ ಒಬ್ಬಳೇ ಹೋದೆ. ಬಟ್ಟೆ ಚೀಲದಲ್ಲಿ ಇಪ್ಪತ್ತಾರು ಪುಸ್ತಕ, ಪರ್ಸಿನಲ್ಲಿ ಕರವಸ್ತ್ರಕ್ಕೆ ಸುತ್ತಿದ ಕೀ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೆ. ಇಂಗ್ಲಿಷಿನಲ್ಲಿ ಹೇಳಿ ನೋಡಿದೆ, ಕನ್ನಡದಲ್ಲಿ ಹೇಳಿ ನೋಡಿದೆ. ಯಾವುದರಲ್ಲೂ ವಾಕ್ಯ ಉದ್ದವಾಗುತ್ತಿತ್ತು.

ಅವರು ಕಿಟಕಿಯ ಪಕ್ಕ ಬೆತ್ತದ ಕುರ್ಚಿಯಲ್ಲಿದ್ದರು. ಕೋಣೆಯಲ್ಲಿ ಒಂದು ಮಂಚ, ಒಂದು ಶಿಲುಬೆ, ಮೇಜಿನ ಮೇಲೆ ಭೂತಗನ್ನಡಿ. ಅಷ್ಟು ಎತ್ತರದ ಹೆಂಗಸು ಹೇಗೆ ಅಷ್ಟು ಕುಗ್ಗಿಹೋದರೋ. ಕೈಗಳ ಕೆಂಪು ಹೋಗಿತ್ತು. ಹೆಸರು ಹೇಳಿದೆ. ಸ್ವಲ್ಪ ತಡೆದು, "ನಿನ್ನ ತಂದೆಯವರು ಚಪ್ಪಲಿಯನ್ನು ಗೇಟಿನಲ್ಲಿ ಬಿಡುತ್ತಿದ್ದರು," ಅಂದರು.

ಚೀಲದಿಂದ ಪುಸ್ತಕಗಳನ್ನು ತೆಗೆದು ಅವರ ಮಡಿಲಲ್ಲಿಟ್ಟೆ. ಏನೆಂದು ಅವರಿಗೆ ತಕ್ಷಣ ತಿಳಿಯಲಿಲ್ಲ. ಭೂತಗನ್ನಡಿ ಹಿಡಿದು ಮೊದಲ ರಟ್ಟು ತಿರುಗಿಸಿ, ಒಳಮೈಯ ಪೆನ್ಸಿಲ್ ಗೆರೆಯ ಮೇಲೆ ಬೆರಳಾಡಿಸಿದರು. ಆಮೇಲೆ ಗಾಜನ್ನು ಪಕ್ಕಕ್ಕಿಟ್ಟರು. ಉಳಿದವನ್ನೆಲ್ಲ ಬೆರಳಿನಿಂದಲೇ ನೋಡಿದರು. ನಾನು ಬೆಂಗಳೂರಿನಲ್ಲಿ ಕೊಂಡ ಏಳನ್ನೂ ಒಂದೊಂದಾಗಿ ಬದಿಗೆ ತೆಗೆದು, "ಇವು ಅವನವಲ್ಲ," ಅಂದರು. ಉಳಿದವನ್ನು ಮೂಗಿನ ಹತ್ತಿರ ಹಿಡಿದು, "ಇದು ಯಾವ ಪರಿಮಳ?" ಎಂದು ಕೇಳಿದರು.

"ಕೊಬ್ಬರಿ ಸಿಸ್ಟರ್. ಅಟ್ಟದಲ್ಲಿಟ್ಟಿದ್ದೆ."

"ಮತ್ತು ಈ ಬಿಳಿಯ ಗೆರೆಗಳು?"

ಪೂಜೆಯ ಸಂಗತಿ ಹೇಳಿದೆ, ವಿಭೂತಿಯ ಬಗ್ಗೆ ಅತ್ತೆ ಅಂದದ್ದನ್ನೂ. ರಟ್ಟು ಹಾಳಾದದ್ದಕ್ಕೆ ಬೈಯಬಹುದೆಂದು ತಲೆ ತಗ್ಗಿಸಿದ್ದೆ. ಸಿಸ್ಟರ್ ಬಹಳ ಮೆಲ್ಲಗೆ, "ಅವನ ಸಮಾಧಿಯನ್ನು ನಾನು ನೋಡಿಲ್ಲ. ನಿನ್ನ ಅತ್ತೆಯವರು ಅವನಿಗಾಗಿ ಪ್ರಾರ್ಥಿಸಿದರು," ಅಂದರು. ನಾನು ಪರ್ಸಿನ ಜಿಪ್ಪು ತೆರೆದೆ. ಈಗ ಹೇಳಬೇಕು ಅಂದುಕೊಂಡೆ. ಅಷ್ಟರಲ್ಲಿ ಅವರೇ ಮಾತು ಮುಂದುವರಿಸಿದರು.

"ಇವು ಹೇಗೆ ಹೊರಗೆ ಹೋದವೆಂದು ನಿನಗೆ ತಿಳಿದಿದೆಯೇ ಮಗು?"

ನಾನು ಪರ್ಸಿನೊಳಗೆ ಕೈ ಹಾಕಿದೆ.

"ನಾನೇ ಕಳಿಸಿದೆ. ನನ್ನದು ಎಂದು ಏನನ್ನೂ ಇಟ್ಟುಕೊಳ್ಳುವುದಿಲ್ಲ ಎಂದು ವಚನ ಕೊಟ್ಟವಳು ನಾನು. ಆದರೆ ಇವು ನನ್ನವಾಗಿದ್ದವು. ಅಷ್ಟೂ ವರ್ಷ ಪ್ರತಿ ಸಲದ ಪಾಪನಿವೇದನೆಯಲ್ಲೂ ಫಾದರ್ ಮುಂದೆ ಪಾಪವೆಂದು ಹೇಳುತ್ತಿದ್ದೆ. ಹೇಳಿ ಬಂದು ಮತ್ತೆ ಬೀರು ತೆರೆಯುತ್ತಿದ್ದೆ. ಬೇರೆ ಊರಿಗೆ ಹೋಗು ಎಂದು ಆಜ್ಞೆ ಬಂದಾಗ ಇವನ್ನು ತುಂಬಿಕೊಳ್ಳಲು ಒಂದು ಪೆಟ್ಟಿಗೆಯನ್ನೂ ತರಿಸಿದೆ. ಆದರೆ ಮೊಳೆಯಲ್ಲಿ ಕೀ ಇರಲಿಲ್ಲ."

ಹೊರಗೆ ಯಾರೋ ಬಕೆಟ್ಟು ಎಳೆದುಕೊಂಡು ಹೋದರು. ಸದ್ದು ನಿಲ್ಲುವವರೆಗೆ ಸಿಸ್ಟರ್ ಕಾದರು.

"ಎರಡು ದಿನ ಹುಡುಕಿದೆ. ಮೂರನೆಯ ದಿನ ಬೆಳಗಿನ ಪ್ರಾರ್ಥನೆಯಲ್ಲಿ ಅರ್ಥವಾಯಿತು. ನನ್ನಿಂದ ಬಿಡಲು ಆಗುವುದಿಲ್ಲವೆಂದು ದೇವರಿಗೆ ಗೊತ್ತಿತ್ತು. ಅವನೇ ಕೀಯನ್ನು ತೆಗೆದುಕೊಂಡ. ಬೀಗವನ್ನು ಒಡೆಯಿರಿ, ಎಲ್ಲವನ್ನೂ ಕೊಟ್ಟುಬಿಡಿ, ನನಗೆ ತೋರಿಸಬೇಡಿ ಎಂದೆ. ಮಗು, ನಾನು ಹದಿನೆಂಟನೆಯ ವಯಸ್ಸಿನಲ್ಲಿ ಮನೆ ಬಿಟ್ಟವಳು. ಎಷ್ಟು ಪ್ರಾರ್ಥಿಸಿದರೂ ಉತ್ತರ ಬಂತೆಂದು ನಾನು ಹೇಳಲಾರೆ. ಆದರೆ ಆ ಒಂದು ಸಲ ದೇವರು ನನ್ನ ಕೋಣೆಯ ಒಳಗೆ ಬಂದಿದ್ದ."

ಪರ್ಸಿನೊಳಗೆ ನನ್ನ ಬೆರಳು ಕರವಸ್ತ್ರದ ಗಂಟಿನ ಮೇಲಿತ್ತು. ಬಾಯಿಪಾಠ ಮಾಡಿದ ವಾಕ್ಯ ಪೂರ್ತಿ ನೆನಪಿತ್ತು, ಒಂದು ಪದವೂ ಮರೆತಿರಲಿಲ್ಲ. ಅವರ ಮುಖವನ್ನು ನೋಡಿದೆ. ಜಿಪ್ಪನ್ನು ಮತ್ತೆ ಎಳೆದು ಮುಚ್ಚಿದೆ.

ಸಂಜೆ ಹೊರಡುವವರೆಗೂ ಪುಸ್ತಕಗಳು ಅವರ ಮಡಿಲಲ್ಲೇ ಇದ್ದವು. ಹೊರಟಾಗ ತಾವೇ ಜೋಡಿಸಿ ನನ್ನ ಚೀಲಕ್ಕೆ ಹಾಕಿದರು. "ನೀನು ಇವನ್ನು ನನ್ನ ಬಳಿ ಬಿಟ್ಟು ಹೋದರೆ ನಾನು ಮತ್ತೆ ಇಟ್ಟುಕೊಳ್ಳುತ್ತೇನೆ. ತೆಗೆದುಕೊಂಡು ಹೋಗು. ನೀನು ಓದು," ಅಂದರು.

ಮನೆಗೆ ಬಂದಾಗ ಅತ್ತೆ ಚೀಲದ ತೂಕ ನೋಡಿಯೇ ಅರ್ಥ ಮಾಡಿಕೊಂಡರು. "ಕೊಡ್ಲಿಲ್ವೇ?"

"ತಗೊಳ್ಳಲಿಲ್ಲ."

"ಹೋಗ್ಲಿ, ಹೇಳ್ದಾ?"

ಯಾಕೆ ಹೇಳಲಿಲ್ಲ ಎಂದು ವಿವರಿಸಿದೆ. ನನ್ನ ಮೇಲೆ ಕೋಪಗೊಂಡರೋ ಇಲ್ಲವೋ ತಿಳಿಯಲಿಲ್ಲ. "ಹಂಗಾರೆ ನಿನ್ ಭಾರ ಇಳೀಲಿಲ್ಲ ಅನ್ನು," ಎಂದು ಹೇಳಿ ಕಾಲಿಗೆ ನೀರು ತಂದುಕೊಟ್ಟರು.

ಆ ಚಳಿಗಾಲದ ಮಧ್ಯಾಹ್ನಗಳಲ್ಲಿ, ಕೆಲಸ ಮುಗಿಸಿ, ಪಡಸಾಲೆಯಲ್ಲಿ ಕೂತು ಆ ಪುಸ್ತಕಗಳನ್ನು ಒಂದೊಂದಾಗಿ ಓದಿದೆ. ಶಾಲೆಯಲ್ಲಿ ಓದಿದಾಗ ಭಯವಾಗುತ್ತಿದ್ದ ದೆವ್ವಗಳು ಈಗ ಸುಮ್ಮನೆ ದುಃಖದಲ್ಲಿದ್ದವರ ಹಾಗೆ ಕಂಡವು. ಹೊಸದನ್ನು ಹುಡುಕುವುದನ್ನು ಬಿಟ್ಟಿದ್ದೆ. ರದ್ದಿ ಸಾಬರು ಎರಡು ಸಲ ಹೇಳಿ ಕಳಿಸಿದರು, ಹೋಗಲಿಲ್ಲ.

ಎರಡು ವರ್ಷದ ಮೇಲೆ ಮೈಸೂರಿನಿಂದ ಒಂದು ಪತ್ರ ಬಂತು. ಸಿಸ್ಟರ್ ತೀರಿಕೊಂಡಿದ್ದರು. ಆ ಮನೆಯ ಹಿರಿಯ ಸಿಸ್ಟರ್ ಬರೆದಿದ್ದರು. ಸಿಸ್ಟರ್ ಆಗಲು ಹೊಸದಾಗಿ ಬಂದು ಮನೆಯ ನೆನಪಿನಲ್ಲಿ ಅಳುವ ಹುಡುಗಿಯರನ್ನು ನಮ್ಮ ಸಿಸ್ಟರ್ ಹತ್ತಿರ ಕೂರಿಸುತ್ತಿದ್ದರಂತೆ. ಇವರು ಆ ಹುಡುಗಿಯರಿಗೆ ಬೀರುವಿನ ಕೀಯ ಕಥೆ ಹೇಳುತ್ತಿದ್ದರಂತೆ. ಎಷ್ಟೋ ಹುಡುಗಿಯರು ಅದನ್ನು ಕೇಳಿ ಕಣ್ಣೊರೆಸಿಕೊಂಡು ಎದ್ದರಂತೆ. ಈಗ ಅವರಿಲ್ಲ, ನಾವು ಹೇಳುತ್ತೇವೆ, ಎಂದು ಕೊನೆಯಲ್ಲಿತ್ತು.

ಇದನ್ನು ಬರೆಯಬಹುದೇ ಎಂದು ನಾನು ಬಹಳ ವರ್ಷ ಯೋಚಿಸಿದ್ದೇನೆ. ಅದಕ್ಕೇ ಯಾರ ಹೆಸರನ್ನೂ ಹಾಕಿಲ್ಲ. ಆ ದಿನ ಪತ್ರವನ್ನು ಅತ್ತೆಗೆ ಕನ್ನಡದಲ್ಲಿ ಓದಿ ಹೇಳಿದೆ. ಆಮೇಲೆ ಉತ್ತರ ಬರೆಯಲು ಕೂತೆ. ಸಿಸ್ಟರ್ ನಮ್ಮನ್ನು ಎಷ್ಟು ಚೆನ್ನಾಗಿ ನೋಡಿಕೊಂಡರು, ಕೈ ತೊಳೆದು ಪುಸ್ತಕ ಮುಟ್ಟುವುದನ್ನು ಹೇಗೆ ಕಲಿಸಿದರು ಎಂದೆಲ್ಲ ಎರಡು ಪುಟ ಬರೆದೆ. ಕೀಯ ಕಥೆಯನ್ನು ನನಗೂ ಹೇಳಿದ್ದರು, ನಾನೂ ಕೇಳಿದ್ದೇನೆ ಎಂದು ಬರೆದು, ಸಹಿ ಮಾಡಿ, ಲಕೋಟೆಗೆ ಅಂಟು ಹಚ್ಚಿದೆ.